ಪೈಪಿನ ಮೇಲೇಕೆ ಗೂಬೆ?

‘ಅಲ್ಯೂಮಿನಿಯಂ ಇನ್‌ಟೇಕ್ ಪೈಪ್ ಎಂಜಿನ್ ಶಾಖ ಹೀರಿ ಕಾರಿನ ಶಕ್ತಿ ಕುಗ್ಗಿಸುತ್ತದೆ, ಹೆಬ್ಬಾಳದ ಟ್ರಾಫಿಕ್‌ನಲ್ಲಿ ಓಡಾಡುವವರು ಪ್ಲಾಸ್ಟಿಕ್ಕನ್ನೇ ಆರಿಸಬೇಕು’ ಎಂಬುದು ಕಳೆದ ಸಂಚಿಕೆಯ ಲೇಖನದ ಸಾರ. ಲೋಹ ಬೇಗ ಕಾಯುತ್ತದೆ, ನಿಜ. ತೀರ್ಮಾನ ಮಾತ್ರ ತಪ್ಪು.

ಮೊದಲು ಲೆಕ್ಕ. 1.2 ಲೀಟರ್ ಪೆಟ್ರೋಲ್ ಎಂಜಿನ್ 3000 ಆರ್‌ಪಿಎಂನಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ, ಸೆಕೆಂಡಿಗೆ ಸುಮಾರು 25 ಲೀಟರ್ ಗಾಳಿ ಎಳೆಯುತ್ತದೆ. 60 ಮಿ.ಮೀ. ವ್ಯಾಸದ, ಅರ್ಧ ಮೀಟರ್ ಪೈಪನ್ನು ಆ ಗಾಳಿ ಸೆಕೆಂಡಿನ ಹದಿನೈದನೇ ಒಂದು ಭಾಗದೊಳಗೆ ದಾಟುತ್ತದೆ. ಅಷ್ಟರಲ್ಲಿ ಅದು ಎಷ್ಟು ಕಾದೀತು?

ಎಸ್ಟೀಮ್ ಮಾಲ್ ಎದುರಿನ ವಾಹನಗಳ ಸಾಲಿನಲ್ಲಿ ನಿಂತಾಗ ಗಾಳಿ ನಿಧಾನ, ಕಾಯುತ್ತದೆ, ಒಪ್ಪೋಣ. ಆದರೆ ನಿಂತ ಕಾರಿಗೆ ಶಕ್ತಿ ಏತಕ್ಕೆ? ಯಲಹಂಕದ ಕಡೆ ರಸ್ತೆ ಬಿಡುವಾದರೆ ಹೊಸ ಗಾಳಿಯೇ ಪೈಪನ್ನು ತಣಿಸುತ್ತದೆ.

ಲೇಖಕರು ಮುಟ್ಟದ ಪ್ರಶ್ನೆಯೇ ಮುಖ್ಯ: ಗಾಳಿ ಬರುವುದು ಎಲ್ಲಿಂದ? ಬಾನೆಟ್ ಒಳಗೆ ತೆರೆದಿಟ್ಟ ಕೋನ್ ಫಿಲ್ಟರ್, ಪೈಪ್ ಪ್ಲಾಸ್ಟಿಕ್ಕಾದರೂ, ಎಂಜಿನ್ನಿನ ಬಿಸಿಗಾಳಿಯನ್ನೇ ಕುಡಿಯುತ್ತದೆ. ಗಾಳಿ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸಾಂದ್ರತೆ ಸುಮಾರು ಶೇ 3ರಷ್ಟು ಇಳಿಯುತ್ತದೆ. ನಷ್ಟ ಇರುವುದು ಇಲ್ಲಿ.

ಓದುಗರೇ, ಪೈಪ್ ಯಾವುದರದ್ದು ಎಂದು ಕೇಳುವ ಮೊದಲು, ಅದರ ಬಾಯಿ ಎತ್ತ ತಿರುಗಿದೆ ನೋಡಿ.