ರಾತ್ರಿಯ ರೋಗಿಗೆ ಹೊಣೆ ಯಾರು?

ಕಾಯಿಲೆಗೆ ಹಗಲು ರಾತ್ರಿಯೆಂಬ ಭೇದವಿಲ್ಲ ಎನ್ನುತ್ತೇವೆ. ಆಸ್ಪತ್ರೆಗೆ ಮಾತ್ರ ಆ ಭೇದವಿದೆ. ಹಗಲಿನಲ್ಲಿ ತಜ್ಞರು, ಪ್ರಯೋಗಾಲಯ, ಔಷಧಾಲಯ ಎಲ್ಲವೂ ಇರುತ್ತವೆ. ರಾತ್ರಿಯಾದರೆ, ಅದರಲ್ಲೂ ಭಾನುವಾರವಾದರೆ, ಅದೇ ಕಟ್ಟಡದಲ್ಲಿ ಬೆರಳೆಣಿಕೆಯ ಸಿಬ್ಬಂದಿ. ಹೃದಯಾಘಾತಗಳು ಮುಂಜಾನೆಯ ಹೊತ್ತಿನಲ್ಲೇ ಹೆಚ್ಚೆಂಬುದನ್ನು ವೈದ್ಯಶಾಸ್ತ್ರ ಬಲ್ಲದು. ರಾತ್ರಿ ಪಾಳಿಯವರು ದಣಿದು ಬಸವಳಿದಿರುವ ಗಳಿಗೆಯೂ ಅದೇ.

2021ರ ಮೇ 2 ಭಾನುವಾರವಾಗಿತ್ತು. ಆ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಕೋವಿಡ್ ರೋಗಿಗಳಿಗೆ ಆಮ್ಲಜನಕ ಸಾಲದಾಯಿತು. 24 ಗಂಟೆಗಳಲ್ಲಿ 24 ಮಂದಿ ತೀರಿಕೊಂಡರು. ಆಮ್ಲಜನಕವಿಲ್ಲದೆ ಸತ್ತವರು ಮೂವರು ಮಾತ್ರ ಎಂಬ ಸರಕಾರದ ಮಾತನ್ನು ಹೈಕೋರ್ಟ್ ರಚಿಸಿದ ಸಮಿತಿ ಒಪ್ಪಲಿಲ್ಲ. ಅಂದು ಕೊರತೆ ರಾಜ್ಯದಾದ್ಯಂತ ಇತ್ತು, ನಿಜ. ಆದರೆ ಸಿಲಿಂಡರುಗಳ ಲೆಕ್ಕ ಹಗಲಿನಲ್ಲೇ ಸಿಗುವಂಥದ್ದು. ಅದಕ್ಕಾಗಿ ಇರುಳಿನಲ್ಲಿ ಪರದಾಡುವಂತಾಗಬಾರದಿತ್ತು.

ನಮ್ಮ ತುಳಸಿಗೇರಿಯಂಥ ಊರುಗಳಲ್ಲಿ ಈ ಸಂಕಟಕ್ಕೆ ಇನ್ನೊಂದು ಮುಖವಿದೆ. ನಡುರಾತ್ರಿ ಎದೆನೋವು ಬಂದರೆ ‘ಗ್ಯಾಸ್ ಇರಬೇಕು, ಬೆಳಗಾಗಲಿ’ ಎನ್ನುತ್ತೇವೆ. ಬಾಗಲಕೋಟೆ ದೂರವೇನಲ್ಲ. ಈ ಹೊತ್ತಿನಲ್ಲಿ ಅಲ್ಲಿ ಯಾರಿರುತ್ತಾರೆಂಬ ಶಂಕೆಯೇ ಕಾಲನ್ನು ಹಿಡಿದೆಳೆಯುತ್ತದೆ. ಹೀಗೆ ತಡಮಾಡಿದವರನ್ನು ಅಜ್ಞಾನಿಗಳೆಂದು ಜರೆಯುವುದು ಸುಲಭ. ಅವರ ಶಂಕೆ ಸುಳ್ಳೆಂದು ಎದೆ ತಟ್ಟಿ ಹೇಳುವವರಾರು?

2008ರಿಂದ 108 ವಾಹನವಿದೆ. 2023ರಲ್ಲಿ ಆರಂಭವಾದ, ಪುನೀತ್ ರಾಜಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ತಜ್ಞರ ಸಲಹೆ ಪಡೆದು, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಬೆಲೆಬಾಳುವ ಔಷಧಿ ಅದು. ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತ ಹೋಗುತ್ತದೆ, ಮದ್ದಿನ ಫಲವೂ ಕುಗ್ಗುತ್ತದೆ. ಆದರೆ ರಾತ್ರಿ ಇಸಿಜಿ ತೆಗೆಯುವ ಕೈಯೇ ಇಲ್ಲದಿದ್ದರೆ ಕಪಾಟಿನೊಳಗಿನ ಆ ಮದ್ದು ಯಾರನ್ನು ಉಳಿಸೀತು?

ಜನಾಝಾ ನಮಾಝ್ ಫರ್ಝ್ ಕಿಫಾಯ ಎಂಬುದು ಮದರಸದ ಮಕ್ಕಳಿಗೂ ಗೊತ್ತು: ಕೆಲವರು ನೆರವೇರಿಸಿದರೆ ಎಲ್ಲರ ಹೊಣೆ ಇಳಿಯುತ್ತದೆ, ಯಾರೂ ಮಾಡದಿದ್ದರೆ ಎಲ್ಲರೂ ಪಾಪಿಗಳು. ಇಮಾಮ್ ಗಝ್ಝಾಲಿಯವರು ವೈದ್ಯವಿದ್ಯೆಯನ್ನೂ ಅದೇ ಸಾಲಿಗೆ ಸೇರಿಸಿದ್ದಾರೆ. ಜನಾಝಾ ಹೊರುವ ಮಂಚ ನಮ್ಮ ಮಸೀದಿಗಳಲ್ಲಿ ಸದಾ ಸಿದ್ಧ. ಬದುಕಿರುವವನನ್ನು ರಾತ್ರಿ ಎರಡು ಗಂಟೆಗೆ ಸಾಗಿಸಬಲ್ಲ ಚಾಲಕನ ಫೋನ್ ಸಂಖ್ಯೆ ಎಷ್ಟು ಮಸೀದಿಗಳ ಗೋಡೆಯ ಮೇಲಿದೆ? ಜಮಾಅತ್ ಸಮಿತಿಗಳು ಆ ಸಂಖ್ಯೆಯನ್ನು ಈ ವಾರವೇ ಬರೆಯಿಸಲಿ. ಊರಿನ ಎಲ್ಲ ಸಮುದಾಯಗಳ ಹಿರಿಯರನ್ನೂ ಜೊತೆಗೂಡಿಸಿಕೊಂಡು ಆಸ್ಪತ್ರೆಯ ಆಡಳಿತಾಧಿಕಾರಿಗಳ ಬಳಿ ಹೋಗಿ, ಭಾನುವಾರ ರಾತ್ರಿ ಇಸಿಜಿ ಯಂತ್ರದ ಬಳಿ ಯಾರಿರುತ್ತಾರೆಂದು ಲಿಖಿತವಾಗಿ ಕೇಳಲಿ.