ಉಣ್ಣಲಾರದ ಹುಡುಗ್ಯಾರಿಗೆಲ್ಲ ಒಂದೇ ಟಾನಿಕ್ಕಾ?

ಮೊನ್ನಿ ಕಟ್ಟಿ ಮ್ಯಾಲ ಕುಂತಾಗ ಒಬ್ಬಾಕಿ ಅಂದಳು, 'ಈಗಿನ ಹುಡುಗ್ಯಾರಿಗೆ ಉಣ್ಲಕ ಸೊಕ್ಕು' ಅಂತ. ಅಲ್ಲೇ ಜವಾಬು ಕೊಡಬೇಕಿತ್ತು, ಕೊಡಲಿಲ್ಲ. ಅದಕ್ಕ ಇಲ್ಲಿ ಬರೀಲಕತ್ತೀನಿ ಅಕ್ಕಾ.

ನನ್ನ ತಂಗಿ ಮಗಳು ಎಸೆಸೆಲ್ಸಿ ಮುಗಿಸಿದ ವರ್ಷ ರೊಟ್ಟಿ ಬಿಟ್ಟಳು. ಮೊದಲು ಅರ್ಧ, ಆಮ್ಯಾಲ ಕಾಲು, ಆಮ್ಯಾಲ ಬರೇ ಶೇಂಗಾ ಹಿಂಡಿ ನೆಕ್ಕಿ ಏಳೋದು. ಮುಟ್ಟು ನಿಂತಿತು. ನಾವು ಬ್ಯಾರೇನೇ ಸಂಶಯಾ ಪಟ್ಟೀವಿ, ಹೇಳ್ಲಕ ನಾಚಿಕಿ ಆಗತದ. ದವಾಖಾನ್ಯಾಗ ಟಾನಿಕ್ಕು, ಕಬ್ಬಿಣದ ಗುಳಿಗಿ. ಮನ್ಯಾಗ ದೃಷ್ಟಿ ತೆಗದ್ವಿ, ತಾಯತ ಕಟ್ಟಿದ್ವಿ, ಹಟಾ ಅಂತ ಎರಡೇಟೂ ಬಿದ್ದವು. 'ಯಾಕ ಉಣ್ಣವಲ್ಲಿ' ಅಂತ ಎಲ್ಲಾರೂ ಕೇಳಿದ್ವಿ, ಉತ್ತರಕ್ಕ ಯಾರೂ ಕಾಯಲಿಲ್ಲ. ಗಂಟಲಾಗ ಹಿಡದಂಗ ಆಗತದ ಅಂತಿದ್ದಳು ಆಕಿ. ದಪ್ಪ ಆಗ್ತೀನಿ ಅನ್ನೋ ಮಾತು ಒಮ್ಮಿನೂ ಬರಲಿಲ್ಲ. ಆ ಅಂಜಿಕಿ ಇದ್ದರನೇ ಈ ರೋಗ ಅಂತ ಭಾಳ ಮಂದಿ ತಿಳಕೊಂಡಾರ. ಆದ್ರ ಆ ಅಂಜಿಕಿ ಇಲ್ಲದನೇ ಊಟ ಬಿಟ್ಟವರನ್ನ ಹಾಂಗ್‌ಕಾಂಗಿನಾಗ, ನಮ್ಮ ದೇಶದಾಗ ಡಾಕ್ಟರರು 1990ರ ದಶಕದಾಗೇ ಕಂಡು ಬರದಾರ.

ಇನ್ನೊಬ್ಬಾಕಿ ಗಪಗಪ ತಿಂದು ಹಿತ್ತಲಾಗ ವಾಂತಿ ಮಾಡಿ ಬರತಾಳ. ಮೈ ತುಂಬಿಕೊಂಡದ, ಅದಕ್ಕ ಯಾರ ಕಣ್ಣಿಗೂ ಬೀಳಂಗಿಲ್ಲ. ಒಳಗ ಹಲ್ಲು ಸವಿತಾವ, ಮೈಯಾಗಿನ ಲವಣ ಕಡಿಮಿ ಆಗಿ ಗುಂಡಿಗಿಗೇ ಪೆಟ್ಟು. ಮೂರನೇದಾಕಿ ಗಂಡ, ಮಕ್ಕಳು ಉಂಡಮ್ಯಾಲ ಬುಟ್ಟಿ ನೋಡತಾಳ, ಬುಟ್ಟಿ ಖಾಲಿ. ಆಕಿಗೆ ಬುದ್ಧಿಮಾತು ಯಾಕ ಬೇಕು, ಜ್ವಾಳ ಬೇಕು! ಈ ಮೂವರಿಗೂ ಅದೇ ಕೆಂಪು ಬಾಟಲಿ ಕೊಟ್ಟು ಕಳಸೋದು ಯಾವ ನ್ಯಾಯ?

5 ವರ್ಷದೊಳಗಿನ ಕೂಸು ಸೊರಗಿದ್ರ ಪೌಷ್ಟಿಕ ಪುನಶ್ಚೇತನ ಕೇಂದ್ರ ಅದ, ತಾಯಿನ್ನೂ ಸಂಗಾಟ ಇಟಗೋತಾರ. ಛಲೋ ಕೆಲಸ. ಹದಿನಾರರ ಹುಡುಗಿ ಸೊರಗಿದ್ರ? ಧಾರವಾಡದ ಡಿಮ್ಹಾನ್ಸ್, ಇಲ್ಲಾ ಬೆಂಗಳೂರಿನ ನಿಮ್ಹಾನ್ಸ್. ವಡಗೇರಾದಿಂದ ಹೋಗಿ ಬರೋ ಖರ್ಚು, ಕೂಲಿ ಕಳಕೊಂಡ ದಿನ, ಲೆಕ್ಕಾ ಹಾಕ್ರಿ. ತಾಲ್ಲೂಕು ದವಾಖಾನ್ಯಾಗೇ ಹುಡುಗೀನ್ನ ಒಬ್ಬಾಕೀನೇ ಕೂಡಿಸಿ ಮಾತಾಡಸೋ ಒಬ್ಬ ಹೆಣಮಗಳನ್ನ ಇಡ್ರಿ ಅಂತ ನಾವು ಕೇಳಬೇಕು.

ಬೈಯೋದರಿಂದ ಒಂದು ತುತ್ತೂ ಒಳಗ ಇಳಿಯಲಿಲ್ಲ ನಮ್ಮ ಮನ್ಯಾಗ. ತಂಗಿ ದಿನಾ ಮಗಳ ಬಾಜೂಕ ಕುಂತು, ತೂಕದ ಮಾತೆತ್ತದೆ ಸಂಗಾಟ ಉಣ್ಲಕ ಸುರು ಮಾಡಿದಮ್ಯಾಲ ಒಂದು ರೊಟ್ಟಿಗೆ ಬಂತು. ಮತ್ತ ಇದೊಂದು ನೆನಪಿಡ್ರಿ: ಭಾಳ ದಿನ ಉಪಾಸ ಇದ್ದಾಕಿಗೆ ಒಮ್ಮೆಲೇ ಹೊಟ್ಟಿ ತುಂಬ ಉಣಸಬ್ಯಾಡ್ರಿ, ಜೀವಕ್ಕೇ ಅಪಾಯ ಅದ, ಡಾಕ್ಟರರ ಮುಂದನೇ ಸುರು ಆಗಬೇಕು. ಟೆಲಿ ಮಾನಸ್ ನಂಬರು 14416, ರೊಕ್ಕಿಲ್ಲ, ಕನ್ನಡದಾಗೇ ಮಾತಾಡತಾರ. ಅಡಗಿ ಮನಿ ಗ್ವಾಡಿ ಮ್ಯಾಲ ಬರದಿಡ್ರಿ.