ಥೇಮ್ಸ್ ದಂಡೆಯಲ್ಲಿ ಕರಗಿದ ಮಂಜುಗಡ್ಡೆ

2018ರ ಡಿಸೆಂಬರಿನಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾಸಂಗ್ರಹಾಲಯದ ಮುಂದೆ ಕಲಾವಿದ ಓಲಾಫರ್ ಎಲಿಯಾಸನ್ ಬಂಡೆಗಳಂಥ 24 ಮಂಜುಗಡ್ಡೆಗಳನ್ನು ಇಡಿಸಿದರು. ಗ್ರೀನ್‌ಲ್ಯಾಂಡಿನ ಹಿಮರಾಶಿಯಿಂದ ಕಳಚಿ ಅಲ್ಲಿನ ಕೊಲ್ಲಿಯಲ್ಲಿ ತೇಲುತ್ತಿದ್ದವು ಅವು. ಕೃತಿಯ ಹೆಸರು ‘ಐಸ್ ವಾಚ್’. ಟಿಕೆಟ್ ಇಲ್ಲ, ಬೇಲಿ ಇಲ್ಲ. ಜನ ಮುಟ್ಟಿದರು, ತಬ್ಬಿಕೊಂಡರು, ಕಿವಿಯಿಟ್ಟು ಕೇಳಿದರು. ಸಾವಿರಾರು ವರ್ಷ ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಚಿಟಿಚಿಟಿ ಸದ್ದು ಮಾಡುತ್ತ ಹೊರಬರುತ್ತಿತ್ತು. ಕೊನೆಗೆ ಉಳಿದದ್ದು ನೀರು. ಇದೇ ನದಿಯ ಇದೇ ದಂಡೆಯಲ್ಲಿ, ಲ್ಯಾಂಬೆತ್‌ನಲ್ಲಿ, 2015ರಿಂದ ಬಸವಣ್ಣನವರ ಪ್ರತಿಮೆಯೂ ಇದೆ.

ಮಂಜು ತರಲು ಸುಟ್ಟ ಇಂಧನವೂ ಭೂಮಿಯ ಬಿಸಿಗೇ ಸೇರಿತಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಕಲಾವಿದರು ಆ ಹೊಗೆಯ ಲೆಕ್ಕವನ್ನೂ ಹಾಕಿಸಿ ಬಹಿರಂಗಪಡಿಸಿದರು. ನನಗಂತೂ ಕಲೆಗಿಂತ ಈ ಲೆಕ್ಕವೇ ಹೆಚ್ಚು ಹಿಡಿಸಿತು. ನುಡಿಯನ್ನು ನಡೆಯ ಎದುರಿಗಿಟ್ಟು ತೂಗಬೇಕೆಂದು ಶರಣರಿಂದ ಕಲಿತವರು ನಾವು. ಸಮಾವೇಶಗಳಲ್ಲಿ ನೀರು ಉಳಿಸಿ ಎನ್ನುತ್ತೇವೆ. ವೇದಿಕೆಯ ಹಿಂದೆ ಪ್ಲಾಸ್ಟಿಕ್ ಬಾಟಲಿಗಳ ರಾಶಿ. ಮುಂದಿನ ಬಸವ ಜಯಂತಿಯ ಜಮಾ-ಖರ್ಚು ಓದುವಾಗ ಎಷ್ಟು ಟ್ಯಾಂಕರ್ ನೀರು, ಎಷ್ಟು ಡೀಸೆಲ್, ಎಷ್ಟು ಬಾಟಲಿ ಎಂಬ ಮೂರು ಸಾಲನ್ನೂ ಸೇರಿಸಿ ಓದೋಣ. ದಾಸೋಹದ ಅಕ್ಕಿ-ಬೇಳೆಯ ಲೆಕ್ಕವನ್ನು ಹೇಗೂ ಇಡುತ್ತೇವಲ್ಲ.